ಮೈಕೆನ್ ಯಾರವಳು

ನ್ಯೂಯಾರ್ಕ್
20 ಫೆಬ್ರುವರಿ 1671

ತಂಗಿ ಫೆಮ್ಕೆಗೆ,

ಮೇಲಿನ ಊರಿನ ಹೆಸರು ಓದಿ ಮೂಗು ಮುರಿಯಬೇಡ. ಬಾಯಲ್ಲಿ ನಾನಿನ್ನೂ ನ್ಯೂ ಆಮ್‌ಸ್ಟರ್‌ಡಾಮ್ ಎಂದೇ ಅನ್ನುವುದು. ಆದರೆ ಹಾಗೆ ಬರೆದ ಕಾಗದಗಳನ್ನು ಬಂದರಿನ ಇಂಗ್ಲಿಷ್ ಗುಮಾಸ್ತ ಬೇಕೆಂದೇ ಮೂಲೆಗೆ ಎಸೆಯುತ್ತಾನಂತೆ. ದೊಡ್ಡವರೆಲ್ಲ ಎಲ್ಲೋ ದೂರದಲ್ಲಿ ಕೂತು ನಮ್ಮ ಊರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು, ಅವರ ಸುರಿನಾಮನ್ನು ತಾವು ಇಟ್ಟುಕೊಂಡರಲ್ಲ. ಗಂಡ ಯೋಸ್ಟ್‌ನ ಹಿಂದೆ ಕಬ್ಬು ಬೆಳೆಯಲು ಅಷ್ಟು ದೂರ ಹೋದ ನೀನು ಡಚ್ಚರವಳಾಗಿಯೇ ಉಳಿದೆ, ಹುಟ್ಟಿದ ಬೀದಿ ಬಿಟ್ಟು ಕದಲದ ನಾನು ಪರದೇಶಿಯಾದೆ.

ಈಗ ಸುದ್ದಿ ಕೇಳು. ನಾನು ಮತ್ತೆ ಮದುವೆಯಾಗುತ್ತಿದ್ದೇನೆ. ಹೆಂಡ್ರಿಕ್ ತೀರಿಕೊಂಡ ಮೇಲೆ ಬೇಕರಿ ನಡೆಸುವುದು ಕಷ್ಟವೇನೂ ಆಗಲಿಲ್ಲ, ಸಂಜೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವುದು ಕಷ್ಟವಾಯಿತು. ವರ ಇಂಗ್ಲಿಷಿನವನು, ರಾಲ್ಫ್ ಟಿಬ್ಬೆಟ್. ಸ್ವಂತ ಹಡಗಿನಲ್ಲಿ ಕುದುರೆ, ಗೋಧಿಹಿಟ್ಟು ತುಂಬಿಕೊಂಡು ದಕ್ಷಿಣದ ದ್ವೀಪಗಳಿಗೆ ಹೋಗಿಬರುತ್ತಾನೆ. ನಮ್ಮ ಭಾಷೆಯಲ್ಲಿ ಮಾತಾಡಲು ಹೋಗಿ ಪಾದ್ರಿಯನ್ನೂ ನಾಯಿಯನ್ನೂ ಒಂದೇ ಸಮ ಏಕವಚನದಲ್ಲಿ ಕರೆಯುತ್ತಾನೆ. ನಗಿಸುತ್ತಾನೆ ಕಣೇ. ನಗದೆ ಎಷ್ಟು ದಿನವಾಗಿತ್ತೋ.

ಇವರ ಮದುವೆ ಬಹಳ ಸಲೀಸು. ನಮ್ಮಲ್ಲಾದರೆ ಚರ್ಚಿನಲ್ಲಿ ಮೂರು ಭಾನುವಾರ ಕೂಗಿ ಹೇಳಬೇಕು, ನಡುವೆ ನೋಟರಿಯನ್ನು ಮನೆಗೆ ಕರೆಸಿ ಯಾವುದು ಯಾರದು ಎಂದು ಕರಾರು ಬರೆಸಬೇಕು, ಅಷ್ಟರಲ್ಲಿ ಬೀದಿಯ ಮುದುಕಿಯರೆಲ್ಲ ಬಂದು ನಮ್ಮ ಹಂಡೆ ಎಣಿಸಿ ಹೋಗುತ್ತಾರೆ. ಇವರಲ್ಲಿ ಗವರ್ನರನ ಒಂದು ಅನುಮತಿ ಚೀಟಿ ಸಾಕು. ಅವನ ಹಡಗು ಹೊರಡುವುದರೊಳಗೆ ಮುಗಿಸಿಬಿಡೋಣ ಎಂದು ನಾನೂ ಒಪ್ಪಿದೆ.

ಮೈಕೆನ್‌ಗೆ ಹೇಳಿದಾಗ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಮದ್ವೆಗೆ ಮುಂಚೇನೆ ನನ್ನ ಬಿಡುಗಡೆ ಕಾಗದ ಬರೆದ್ಬಿಡಿ ದೊಡ್ಡಕ್ಕೋರೆ” ಅಂದಳು. “ಆಮೇಲೆ ನಿಮಗೆ ಪುರುಸೊತ್ತಿರಲ್ಲ.”

“ಆಗ್ಲಿ ಕಣೇ, ನಾಳೆ ನೋಡೋಣ” ಅಂದೆ. ಅಪ್ಪ ಸಾಯುವಾಗ ನಮ್ಮಿಬ್ಬರ ಕೈ ಹಿಡಿದು, ನಮ್ಮ ಡಚ್ ಕಂಪನಿಯಿಂದ ಗುಲಾಮಳಾಗಿ ಕೊಂಡು ತಂದ ಈ ಹುಡುಗಿಯನ್ನು ಬಿಡಿಸಿಬಿಡಿ ಎಂದದ್ದನ್ನು ನಾನು ಮರೆತಿಲ್ಲ. ಅವಳ ಜಾಗಕ್ಕೆಂದು ಸೇರಿಸಿಕೊಂಡ ಹುಡುಗನಿಗೆ ಇನ್ನೂ ಒಲೆಯ ಹದ ಗೊತ್ತಿಲ್ಲ, ಅಷ್ಟೆ. ಈಸ್ಟರ್ ಕಳೆದು ಬರುವ ಪಿಂಕ್‌ಸ್ಟರ್ ಹಬ್ಬದ ದಿನ ಬರೆದುಕೊಡುತ್ತೇನೆ. ಹಬ್ಬಕ್ಕೆ ಅವಳಿಗೂ ಒಂದು ಸಂತೋಷವಾಗಲಿ.

ನಿನ್ನ ಅಕ್ಕ
ಡಿರ್ಕನ ಮಗಳು ಲಿಸ್ಬೆತ್


ಸುರಿನಾಮ್ ನದಿ
3 ಮೇ 1671

ಅಕ್ಕಾ,

ಈ ಕಾಗದ ಮುಟ್ಟುವಾಗ ಮದುವೆ ಆಗಿರದಿದ್ದರೆ ನಿಲ್ಲಿಸು. ಮದುವೆಯನ್ನಲ್ಲ, ಆ ಚೀಟಿಯನ್ನು. ಆ ಮೂರು ಭಾನುವಾರಗಳು ಇರುವುದೇ ನಡುವೆ ನೋಟರಿ ಬರಲಿ ಎಂದು. ಇದನ್ನು ಚಿಕ್ಕವಳಾದ ನಾನು ನಿನಗೆ ಹೇಳಿಕೊಡಬೇಕೇ?

ನನ್ನ ಪಕ್ಕದ ತೋಟದವಳು ಮಿಸೆಸ್ ಗ್ರೇ ಎಂಬ ಇಂಗ್ಲಿಷ್ ವಿಧವೆ. ಸುರಿನಾಮ್ ಅವರದಾಗಿದ್ದ ಕಾಲದಿಂದ ಇಲ್ಲಿದ್ದಾಳೆ. ನಿನ್ನ ಕಾಗದ ಅವಳಿಗೆ ಓದಿ ಹೇಳಿದೆ. ಅವಳು ಗೊಳ್ಳೆಂದು ನಕ್ಕಳು. “ಅಯ್ಯೋ ಪಾಪ! ಗಂಡ ಇದ್ದಾಗ ನನ್ನ ಟೋಪಿಗೂ ನಾನು ಒಡತಿಯಲ್ಲ ಕಣಮ್ಮ. ತಲೆ ಮಾತ್ರ ನಂದು, ಅದನ್ನೂ ಬಗ್ಗಿಸೇ ಇಡ್ಬೇಕಿತ್ತು” ಅಂದಳು. ಕರಾರಿಲ್ಲದೆ ಮದುವೆಯಾದ ಹೆಂಗಸಿನ ಮನೆ, ಅಂಗಡಿ, ಹಸು, ಆಳು ಎಲ್ಲವೂ ಅವರ ಕಾಯ್ದೆಯಲ್ಲಿ ಗಂಡನವಂತೆ. ಅವಳು ಕೊಡುವ ಮಾತಿಗೂ ಬೆಲೆಯಿಲ್ಲವಂತೆ.

ಮೊದಲು ಮೈಕೆನ್‌ಳ ಕಾಗದ ಬರೆ. ಹಬ್ಬದವರೆಗೆ ಕಾಯಬೇಡ. ಅವಳ ಸಂತೋಷಕ್ಕೆ ಹಬ್ಬ ಯಾಕೆ ಬೇಕು?

ಇಲ್ಲಿ ಎಲ್ಲ ಚೆನ್ನಾಗಿದೆ. ಯೋಸ್ಟ್‌ಗೆ ಸ್ವಲ್ಪ ಜ್ವರ, ಇಲ್ಲಿ ಎಲ್ಲರಿಗೂ ಬರುವಂಥದ್ದೇ.

ಫೆಮ್ಕೆ


ನ್ಯೂಯಾರ್ಕ್
2 ಅಕ್ಟೋಬರ್ 1671

ಫೆಮ್ಕೆ,

ನಿನ್ನ ಕಾಗದ ಜುಲೈಯಲ್ಲಿ ಬಂತು. ಮಾರ್ಚಿಯಲ್ಲೇ ನನ್ನ ಮದುವೆಯಾಗಿತ್ತು.

ಪಿಂಕ್‌ಸ್ಟರ್ ದಿನ ಮೈಕೆನ್ ನನ್ನ ನೀಲಿ ಲಂಗ ಉಟ್ಟು, ಬಿಳಿ ಟೋಪಿಗೆ ಗಂಜಿ ಹಾಕಿಕೊಂಡು ನನ್ನ ಜೊತೆ ಪುರಭವನಕ್ಕೆ ಬಂದಳು. ದಾರಿಯುದ್ದಕ್ಕೂ ಒದ್ದೆ ನೆಲದಲ್ಲಿ ಲಂಗ ಮಣ್ಣಾಗದಂತೆ ಎತ್ತಿ ಹಿಡಿದು ನಡೆದಳು. ಗುಮಾಸ್ತ ಹೊಸಬ, ಇನ್ನೂ ಮೀಸೆ ಸರಿಯಾಗಿ ಮೂಡದವನು.

“ಯಾರ ಹೆಸರಲ್ಲಿ ಬರೀಲಿ?”

“ಲಿಸ್ಬೆತ್ ಡಿರ್ಕ್ಸ್.”

“ಆ ಹೆಸರಿನವರು ಈಗ ಇಲ್ಲ. ಮಿಸೆಸ್ ಟಿಬ್ಬೆಟ್ ಅಂತ ಒಬ್ರಿದಾರೆ, ಅವ್ರ ಹತ್ರ ಬೇರೆಯವ್ರಿಗೆ ಕೊಡೋ ಅಂಥದ್ದೇನೂ ಇಲ್ಲ. ನಿಮ್ಮ ಯಜಮಾನ್ರನ್ನ ಕಳ್ಸಿ.”

ನಾನು ಕೂಗಾಡಿದೆ. ಈ ಭವನದಲ್ಲಿ ನಾನು ನನ್ನ ಹೆಸರಿನಲ್ಲೇ ನಿಂತು ಗಿರಣಿಯವನ ಮೇಲೆ ದಾವೆ ಹೂಡಿ ಗೆದ್ದವಳು ಎಂದೆ. ಅವನು ಕೆಟ್ಟದಾಗಿ ಮಾತಾಡಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. ನನ್ನನ್ನು ಸಮಾಧಾನ ಮಾಡಿ ಕಳಿಸಿದ. ಮೈಕೆನ್ ಮನೆಗೆ ಬಂದವಳೇ ಲಂಗ ಬಿಚ್ಚಿ ಮಡಿಸಿ ನನ್ನ ಪೆಟ್ಟಿಗೆಯಲ್ಲಿ ಇಟ್ಟು ಹಿಟ್ಟಿನ ತೊಟ್ಟಿಯ ಹತ್ತಿರ ಹೋದಳು.

ರಾಲ್ಫ್‌ಗೆ ಹೇಳಿದೆ. “ಈ ಸಲ ಹೋಗ್ಬಂದ್ಮೇಲೆ ಮಾಡೋಣ ಬಿಡು ಲಿಸಿ” ಎಂದು ಕೆನ್ನೆ ತಟ್ಟಿದ. ಜೂನ್ ಕೊನೆಯಲ್ಲಿ ನಾನು ಗೋಧಿ ಕೊಳ್ಳಲು ನದಿಯ ಮೇಲ್ಗಡೆ ಆಲ್ಬನಿಗೆ ಹೋಗಿದ್ದೆ. ವಾಪಸು ಬರುವಾಗ ಹಡಗೂ ಇಲ್ಲ, ಮೈಕೆನ್‌ಳೂ ಇಲ್ಲ. ಹಡಗಿನಲ್ಲಿ ಅಡುಗೆಗೆ ಬೇಕೆಂದು ಕರೆದುಕೊಂಡು ಹೋದನಂತೆ. ಹೋದ ವಾರ ಒಬ್ಬನೇ ಬಂದ. ಬಾರ್ಬಡೋಸಿನಲ್ಲಿ ಮಾರಿದೆ ಎಂದ.

“ಒಳ್ಳೆ ಮನೆಗೇ ಕೊಟ್ಟಿದೀನಿ, ಅಳೋದೇನಿದೆ ಇದ್ರಲ್ಲಿ?” ಎಂದ. ನಿಜವಾಗಿಯೂ ಅವನಿಗೆ ಅರ್ಥವಾಗಲಿಲ್ಲ ಫೆಮ್ಕೆ. ತನ್ನ ಕುದುರೆ ಮಾರಿದವನು ಬೇರೆಯವರು ಯಾಕೆ ಅಳುತ್ತಾರೆ ಎಂದು ನೋಡುವ ಹಾಗೆ ನೋಡಿದ.

ನಿನ್ನ ಕಡೆಗೆ ಬಾರ್ಬಡೋಸಿನ ಹಡಗುಗಳು ಬರುತ್ತವಲ್ಲ. ವಿಚಾರಿಸು. ಎಲ್ಲಿದ್ದಾಳೆಂದು ಪತ್ತೆಯಾದರೆ ನೀನು ನಿನ್ನ ಹೆಸರಿನಲ್ಲಿ ಕೊಂಡು ಬಿಡಿಸು. ನಿನ್ನ ಕಾಯ್ದೆಯಲ್ಲಿ ಅದು ಆಗುತ್ತದೆ. ಅಮ್ಮ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಕೀಲಿಗೊಂಚಲೊಂದು ನನ್ನ ಹತ್ತಿರ ಉಳಿದಿದೆ, ಅದನ್ನು ಹೇಗಾದರೂ ಕಳಿಸುತ್ತೇನೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಲಿಸ್ಬೆತ್ ಟಿಬ್ಬೆಟ್ (ಹೀಗೆ ಬರೆಯದಿದ್ದರೆ ಕಾಗದ ಹಡಗು ಹತ್ತುವುದಿಲ್ಲ)


ಸುರಿನಾಮ್ ನದಿ
18 ಜನವರಿ 1672

ಅಕ್ಕಾ,

ಯೋಸ್ಟ್ ಹೋದರು. ಜುಲೈಯಲ್ಲೇ. ನಿನಗೆ ಬರೆಯಲು ಕೈ ಬರಲಿಲ್ಲ. ಕಿತ್ತಳೆ ಗಿಡಗಳ ಆಚೆ ಮಣ್ಣು ಮಾಡಿದೆವು.

ಮದುವೆ ಕರಾರಿನಂತೆ ತೋಟ, ಗಾಣ, ಆಳುಗಳು ಎಲ್ಲ ನನ್ನ ಹೆಸರಿಗೆ ಬಂದಿವೆ. ಪರಮಾರಿಬೊಗೆ ಹೋಗಿ ನ್ಯಾಯಾಲಯದಲ್ಲಿ ಒಬ್ಬಳೇ ನಿಂತು ನನ್ನ ಹೆಸರು ಹೇಳಿದೆ. ಯಾರೂ ನಗಲಿಲ್ಲ. ನೀನು ಹೇಳುವ ಆ ಮೀಸೆ ಬಾರದ ಹುಡುಗನ ನೆನಪಾಗಿ ನಿನಗಾಗಿ ಸಂಕಟವಾಯಿತು.

ಬಾರ್ಬಡೋಸ್ ದೊಡ್ಡ ದ್ವೀಪ. ನಾವಿಕರನ್ನು ಕೇಳುತ್ತೇನೆ. ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡ. ಸಿಕ್ಕಿದರೂ ಬಿಡಿಸುವುದು ನೀನು ಅಂದುಕೊಂಡಷ್ಟು ಹಗುರವಲ್ಲ, ಇಲ್ಲಿಯ ಬದುಕೇ ಬೇರೆ. ಕೀಲಿಗೊಂಚಲು ಕಳಿಸಬೇಡ. ಅದು ನಿನ್ನ ಹತ್ತಿರವೇ ಇರಲಿ.

ಕ್ರಿಸ್‌ಮಸ್ಸಿಗೆ ಮಿಸೆಸ್ ಗ್ರೇ ಬಂದಿದ್ದಳು. ಅಪ್ಪ ಮಾಡುತ್ತಿದ್ದ ಜೇನಿನ ಬಿಲ್ಲೆ ಕೊಟ್ಟೆ, ಮೆಣಸು ಹಾಕಿದ್ದೇ. ಈ ಸೆಖೆಗೆ ಹಿಟ್ಟು ಹುಳಿಯುತ್ತದೆಂದು ಅದರ ಮಡಕೆಯನ್ನು ಬಾವಿಯ ನೀರಿನ ಮೇಲಕ್ಕೆ ಇಳಿಬಿಟ್ಟು ಕ್ರಿಸ್‌ಮಸ್ಸಿನವರೆಗೆ ಹಾಗೇ ಇಟ್ಟಿದ್ದೆವು. ಒಂದು ತುಣುಕು ಬಾಯಿಗೆ ಹಾಕಿಕೊಂಡು ನಾನು ಎಷ್ಟು ಅತ್ತೆನೆಂದರೆ ಮಿಸೆಸ್ ಗ್ರೇ ಹೆದರಿಬಿಟ್ಟಳು.

ನಿನ್ನ ಆರೋಗ್ಯ ನೋಡಿಕೋ.

ಫೆಮ್ಕೆ


ನ್ಯೂಯಾರ್ಕ್
1 ಮೇ 1672

ಫೆಮ್ಕೆ,

ನಿನ್ನ ಕಾಗದ ಮೊದಲ ಸಲ ಓದಿ ಯೋಸ್ಟ್‌ಗಾಗಿ ಅತ್ತೆ. ಎರಡನೆಯ ಸಲ ಓದಿದಾಗ ಎದ್ದು ನಿಂತೆ.

ನಿನಗೆ ಹಿಟ್ಟು ಕಲಸಲು ಬಾರದು. ಚಿಕ್ಕಂದಿನಿಂದ ಒಲೆಮನೆಗೆ ಬಂದರೆ ಸೆಖೆ ಎಂದು ಓಡುತ್ತಿದ್ದವಳು ನೀನು. ಜೇನಿನ ಹಿಟ್ಟನ್ನು ವಾರಗಟ್ಟಲೆ ತಂಪಿನಲ್ಲಿ ಇಡಬೇಕೆಂದು ಅಪ್ಪ ಹೇಳಿಕೊಟ್ಟದ್ದು ಇಬ್ಬರಿಗೆ. ಅವರಲ್ಲಿ ಒಬ್ಬಳು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದಾಳೆ. ಇನ್ನೊಬ್ಬಳು ನಿನ್ನ ಬಾವಿಯ ಹತ್ತಿರ ನಿಂತಿದ್ದಾಳೆ.

ಹೌದೋ ಅಲ್ಲವೋ ಬರೆ. ರಾಲ್ಫ್‌ನನ್ನು ಕೇಳಿದೆ. “ನಿನ್ನ ತಂಗಿ ಮನೆ ಒಳ್ಳೆ ಮನೆ ಅಲ್ವಾ?” ಎಂದು ನಕ್ಕ. ನೀವಿಬ್ಬರೂ ಸೇರಿ ನನಗೆ ಬಾರ್ಬಡೋಸ್ ತೋರಿಸಿದಿರಿ. ಅವನದು ಇರಲಿ, ಅವನ ಕಾಯ್ದೆ ಅವನಿಗೆ ಹಾಗೆ ಹೇಳಿಕೊಟ್ಟಿದೆ. ನೀನು ಅಪ್ಪನ ಹಾಸಿಗೆಯ ಇನ್ನೊಂದು ಬದಿಯಲ್ಲಿ ನಿಂತಿದ್ದವಳು.

ನಾಳೆಯೇ ಪರಮಾರಿಬೊಗೆ ಹೋಗಿ ಅವಳ ಬಿಡುಗಡೆ ಬರೆದುಕೊಡು. ನಿನ್ನ ಹೆಸರು ಹೇಳಿದರೆ ಅಲ್ಲಿ ಯಾರೂ ನಗುವುದಿಲ್ಲವಲ್ಲ.

ಲಿಸ್ಬೆತ್


ಸುರಿನಾಮ್ ನದಿ
10 ನವೆಂಬರ್ 1672
(ಇಂಗ್ಲಿಷರೊಂದಿಗಿನ ಯುದ್ಧದಿಂದಾಗಿ ಕುರಸಾವ್ ದ್ವೀಪದ ಮೂಲಕ)

ಅಕ್ಕಾ,

ಹೌದು.

ಯೋಸ್ಟ್ ಅವರನ್ನು ಮಣ್ಣು ಮಾಡಿ ತಿಂಗಳಾಗಿತ್ತು. ನನಗೂ ಜ್ವರ. ನಿನ್ನ ಗಂಡನ ಹಡಗು ನಮ್ಮ ಗಾಣಕ್ಕೆ ಕುದುರೆ ತಂದಿತ್ತು. ಕುದುರೆಗಳ ಹಿಂದೆ ಮೈಕೆನ್ ಇಳಿದು ಬಂದಳು. ನನ್ನ ಮುಖ ನೋಡಿ “ಚಿಕ್ಕಕ್ಕೋರೆ, ಹಿಂಗ್ಯಾಕಾಗಿದೀರಿ” ಎಂದು ಗಂಟು ಕೆಳಗಿಟ್ಟು ನನ್ನ ಹಣೆ ಮುಟ್ಟಿದಳು. ಆ ಕೈ ಬಿಡಲು ನನಗೆ ಆಗಲಿಲ್ಲ. ನಾನು ಕೊಳ್ಳದಿದ್ದರೆ ಆಚೆ ದಂಡೆಯ ತೋಟದವನು ಕೊಳ್ಳುತ್ತಿದ್ದ. ಹೊಲಕ್ಕೆ ಇಳಿಸುತ್ತಿದ್ದ. ಇದು ನೆಪವೆಂದು ನೀನು ಅನ್ನುತ್ತೀಯ. ಅನ್ನು.

ಈಗ ನಾನೂ ಒಂದು ಕೇಳುತ್ತೇನೆ. ಅಪ್ಪ ಸತ್ತ ಮೇಲೆ ನಿನ್ನ ಈ ಎರಡನೆಯ ಮದುವೆಯವರೆಗೆ ಎಷ್ಟೊಂದು ವರ್ಷ ನೀನು ನಿನ್ನ ಹೆಸರಿನವಳೇ ಆಗಿದ್ದೆಯಲ್ಲ? ಹೆಂಡ್ರಿಕ್ ಕೈ ಹಿಡಿದು ತಡೆದನೇ? ಇಂಗ್ಲಿಷರು ತಡೆದರೇ? ಒಂದು ವರ್ಷ ಒಲೆ ಕಟ್ಟಿಸಬೇಕಿತ್ತು, ಒಂದು ವರ್ಷ ಹುಡುಗ ಹೊಸಬ. ನಿನಗೆ ಅವಳ ಕೈ ಬೇಕಿತ್ತು. ನನಗೂ ಬೇಕು. ನೀನು ಅದಕ್ಕೆ ಹಬ್ಬದ ಹೆಸರು ಕೊಟ್ಟೆ, ನಾನು ಜ್ವರದ ಹೆಸರು ಕೊಡುತ್ತೇನೆ.

ಕಾಗದಕಾಗದಕ್ಕೂ ನಮ್ಮ ಕಾಯ್ದೆ ಹೀಗೆ, ಅವರದು ಹಾಗೆ ಎಂದು ತೂಗುತ್ತೀಯ. ನನ್ನ ದಂಡೆಗೆ ಎಲ್ಲ ಬಾವುಟದ ನಾವಿಕರೂ ಬರುತ್ತಾರೆ, ನಾನೂ ಕೇಳುತ್ತೇನೆ. ಸ್ಪೇನಿನವರಲ್ಲಿ ಪಾದ್ರಿ ಗುಲಾಮರಿಗೂ ಮದುವೆ ಮಾಡಿಸುತ್ತಾನಂತೆ. ಪೋರ್ಚುಗೀಸರಲ್ಲಿ ಗುಲಾಮರದೇ ಮೆರವಣಿಗೆ, ಗುಲಾಮರದೇ ದೇವರ ಸಂಘ. ಫ್ರೆಂಚರು ಹೆಂಡತಿಗೆ ಅರ್ಧ ಆಸ್ತಿ ಬರೆಯುತ್ತಾರೆ. ನಮ್ಮವರು ನನಗೆ ಪೂರ್ತಿ ಹೆಸರು ಕೊಟ್ಟರು. ಒಬ್ಬೊಬ್ಬರ ಮನೆಗೂ ಒಂದೊಂದು ಚೆಂದದ ಬಾಗಿಲಿದೆ, ಹಿತ್ತಲಿಗೆ ಹೋದರೆ ಎಲ್ಲರದೂ ಅದೇ ಕಬ್ಬು, ಅದೇ ಚಾವಟಿ. ನನ್ನ ಮೇಸ್ತ್ರಿ ಹೊಡೆಯುವುದನ್ನು ನಾನು ದಿನಾ ಕೇಳುತ್ತೇನೆ, ಕಿಟಕಿ ಮುಚ್ಚುತ್ತೇನೆ. ಇಂಗ್ಲಿಷರು ಗಂಟುಮೂಟೆ ಕಟ್ಟುತ್ತಿದ್ದಾರೆ, ಆಳುಗಳೂ ಅವರ ಜೊತೆ ಹೋಗುತ್ತಿದ್ದಾರೆ. ಈ ನದಿಯ ಮೇಲೆ ಈಗ ಯಾರೂ ಯಾರನ್ನೂ ಬಿಡುವುದಿಲ್ಲ.

ಮೈಕೆನ್ ಚೆನ್ನಾಗಿದ್ದಾಳೆ. ಅಡುಗೆಮನೆ ಬಿಟ್ಟು ಎಲ್ಲಿಗೂ ಕಳಿಸಿಲ್ಲ.

ಫೆಮ್ಕೆ


ನ್ಯೂ ಆರೆಂಜ್
15 ಸೆಪ್ಟೆಂಬರ್ 1673

ಫೆಮ್ಕೆ! ಫೆಮ್ಕೆ!

ಹೊಸ ಹೆಸರು ನೋಡಿದೆಯಾ? ಆಗಸ್ಟಿನಲ್ಲಿ ನಮ್ಮ ಹಡಗುಗಳು ಬಂದವು. ಬೇಕರಿಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದೆ, ಕೋಟೆಯ ಮೇಲಿನ ಇಂಗ್ಲಿಷ್ ಬಾವುಟ ಇಳಿದು ನಮ್ಮದು ಏರಿತು. ಎದುರುಮನೆಯ ಮುದುಕಿ ಬೆಂಚಿನ ಮೇಲೆ ಹತ್ತಿ ಕುಣಿದಳು. ರಾಲ್ಫ್ ಆಗ ಬಾಸ್ಟನ್ನಿನಲ್ಲಿದ್ದ, ಈಗ ಇತ್ತ ತಲೆ ಹಾಕುವ ಧೈರ್ಯವಿಲ್ಲ.

ನಮ್ಮ ನ್ಯಾಯಾಧೀಶರು ಮತ್ತೆ ಕೂತಿದ್ದಾರೆ. ಮೊದಲ ವಾರವೇ ಹೋದೆ. ವ್ಯಾಪಾರ ಮಾಡುವ ಹೆಂಗಸಾಗಿ, ಡಿರ್ಕನ ಮಗಳಾಗಿ ನಿಂತೆ. ಮೈಕೆನ್ ನನ್ನ ಅಪ್ಪನ ಮನೆಯಿಂದ ಬಂದವಳು, ನನ್ನನ್ನು ಕೇಳದೆ ಮಾರಿದ್ದು ಸಲ್ಲುವುದಿಲ್ಲ ಎಂದು ತೀರ್ಪು ಕೊಟ್ಟರು. ಅಲ್ಲೇ ಬಿಡುಗಡೆಯ ಕಾಗದ ಬರೆಸಿದೆ. ಕಂಪನಿಯ ಕಾಲದ ಮುದಿ ಗುಮಾಸ್ತನೇ ಬರೆದ. ಹಳೆಯ ಮಾದರಿಯನ್ನು ಪೆಟ್ಟಿಗೆಯಿಂದ ತೆಗೆದು ಒಂದಕ್ಷರ ಬಿಡದೆ ನಕಲು ಮಾಡಿದ. ಆ ಮೊಹರು, ನಮ್ಮ ಭಾಷೆಯ ಆ ದೊಡ್ಡ ದೊಡ್ಡ ಮಾತುಗಳನ್ನು ಕಂಡು ನನಗೆ ಕಣ್ಣು ತುಂಬಿ ಪೂರ್ತಿ ಓದಲೂ ಆಗಲಿಲ್ಲ.

ಆ ಕಾಗದ ಇದರ ಜೊತೆಗಿದೆ. ನಿನ್ನ ಹೋದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ನೀನು ಹೇಳಿದ್ದು ನಿಜ. ಅದಕ್ಕೆ ಇದೇ ಉತ್ತರ. ಅವಳ ಕೈಗೆ ಕೊಡು, ಮೊದಲ ಹಡಗಿಗೆ ಹತ್ತಿಸು. ಮೇಲಿನ ಕೋಣೆ ಅವಳಿಗೆಂದು ಸುಣ್ಣ ಹೊಡೆಸಿದ್ದೇನೆ.

ಡಿರ್ಕನ ಮಗಳು ಲಿಸ್ಬೆತ್


ಸುರಿನಾಮ್ ನದಿ
22 ಮಾರ್ಚಿ 1674

ಅಕ್ಕಾ,

ಕಾಗದ ಬಂತು. ಬಚ್ಚಿಡಬೇಕೆಂದು ಮನಸ್ಸಾಯಿತು. ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡೇ ಇದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಓದಿ ಹೇಳಿದೆ.

ನಿನಗೆ ಬರೆಯದೆ ಇಟ್ಟದ್ದು ಇನ್ನೊಂದಿದೆ. ಮೈಕೆನ್‌ಗೆ ಒಂದು ಹೆಣ್ಣು ಮಗು, ಕ್ರಿಸ್ಟೀನ. ಒಂದು ವರ್ಷ ತುಂಬಿತು. ತಂದೆ ಕೋಫಿ, ಮಿಸೆಸ್ ಗ್ರೇಯ ಮನೆಯಲ್ಲಿ ಸಕ್ಕರೆ ಕಾಯಿಸುವವನು. ಮಗು ನನ್ನ ಮನೆಯಲ್ಲಿ ಹುಟ್ಟಿದ್ದು, ಆದ್ದರಿಂದ ಕಾಯ್ದೆಯಲ್ಲಿ ನನ್ನದು.

ನಾನು ಓದುತ್ತ ಹೋದೆ. ಅವಳು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೇಳುತ್ತಿದ್ದಳು. ಒಂದು ಕಡೆ ಕೈ ಎತ್ತಿದಳು.

“ಆ ಸಾಲು ಇನ್ನೊಂದ್ಸಲ ಓದಿ ಚಿಕ್ಕಕ್ಕೋರೆ.”

ಓದಿದೆ. ‘ಆಕೆಗೆ ಈವರೆಗೆ ಹುಟ್ಟಿದ ಮತ್ತು ಮುಂದೆ ಹುಟ್ಟುವ ಮಕ್ಕಳು ಮಾತ್ರ ಮೊದಲಿನಂತೆಯೇ ಒಡೆಯರ ಗುಲಾಮರಾಗಿ ಉಳಿಯತಕ್ಕದ್ದು.’

“ನಮ್ಮಪ್ಪಂಗೂ ಇದೇ ಓದಿದ್ರು” ಅಂದಳು. “ಕಂಪನಿಯೋರು ಅಪ್ಪ ಅಮ್ಮ ಇಬ್ರನ್ನೂ ಬಿಟ್ರು. ಈ ಸಾಲಿತ್ತಲ್ಲ, ಅದಕ್ಕೇ ನಾನು ನಿಮ್ಮನೇಗೆ ಬಂದಿದ್ದು.”

ನಿನಗೆ ಗೊತ್ತಿತ್ತೇ ಇದು? ನನಗೆ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಬೆಳೆದೆವು, ತಂದೆತಾಯಿ ಊರಾಚೆ ಹೊಲ ಮಾಡಿಕೊಂಡು ಬಿಡುಗಡೆಯಾಗಿ ಇರುವಾಗ ಇವಳು ಯಾಕೆ ನಮ್ಮಲ್ಲಿದ್ದಾಳೆ ಎಂದು ಒಂದು ದಿನವೂ ಕೇಳಲಿಲ್ಲ. ಭಾನುವಾರ ಅವರು ಬೇಲಿಯ ಹತ್ತಿರ ಬಂದು ನಿಂತರೆ ಅಮ್ಮ ಹಳಸಿದ ಬ್ರೆಡ್ಡು ಕೊಟ್ಟು ಕಳಿಸುತ್ತಿದ್ದಳು.

“ಅಕ್ಕ ಬೇಕು ಅಂತ ಬರೆಸಿಲ್ಲ ಕಣೇ. ಅವಳು ಓದೇ ಇಲ್ಲ” ಅಂದೆ.

“ಹೌದು. ಅವರು ಓದಲ್ಲ” ಅಂದಳು. ಕಾಗದ ಕೊಡಿ ಎಂದು ಕೈ ಚಾಚಿದಳು. ಕೊಟ್ಟೆ. ಒಲೆಯ ಬಾಯಿಗೆ ಹಾಕಿದಳು. ನಿನ್ನ ಮೊಹರಿನ ಅರಗು ಕರಗಿ ಚಿಟಪಟ ಎಂದಿತು. “ಇಬ್ಬರಿಗೂ ಆಗೋದಾದ್ರೆ ಹೇಳಿ” ಎಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಇಬ್ಬರಿಗೂ ಎಂದರೆ ಮಗುವಿನ ಬಿಡುಗಡೆಗೆ ನನ್ನ ಸಹಿ ಬೇಕು. ನಾನು ಹಾಕಲಿಲ್ಲ. ಮಗುವಿರುವ ತನಕ ಅವಳು ಎಲ್ಲಿಗೂ ಹೋಗುವುದಿಲ್ಲ ಎಂದು ಒಳಗೊಳಗೇ ನೆಮ್ಮದಿಯಾಯಿತು. ಇದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ.

ಫೆಮ್ಕೆ


ನ್ಯೂಯಾರ್ಕ್
12 ಡಿಸೆಂಬರ್ 1674

ಫೆಮ್ಕೆ,

ಮತ್ತೆ ನ್ಯೂಯಾರ್ಕ್. ಯುದ್ಧ ಮುಗಿಯಿತು, ದೊಡ್ಡವರು ಮತ್ತೆ ಕೂತು ನಮ್ಮನ್ನು ಬಿಟ್ಟುಕೊಟ್ಟರು. ಹೋದ ತಿಂಗಳು ಬಾವುಟ ಇಳಿಯಿತು, ನಾನು ಹೊರಗೆ ಬಂದು ನೋಡಲಿಲ್ಲ. ರಾಲ್ಫ್ ಬಂದಿದ್ದಾನೆ. ಏನೂ ಆಗಿಯೇ ಇಲ್ಲವೆಂಬಂತೆ ಊಟಕ್ಕೆ ಕೂರುತ್ತಾನೆ.

ನಿನ್ನ ಕಾಗದ ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಈ ಮದುವೆಯಾದ ಮೇಲೆ ಕೈಯಲ್ಲಿ ಅಧಿಕಾರವಿದ್ದದ್ದು ನನಗೆ ಒಂದೇ ಒಂದು ವರ್ಷ. ಆ ವರ್ಷದಲ್ಲಿ ಮಾಡಿದ ಒಂದೇ ಕೆಲಸವನ್ನು ನಾನು ಓದದೆ ಮಾಡಿದೆ. ನಮ್ಮದು ಬಂತು ಎಂಬ ಸಂಭ್ರಮದಲ್ಲಿ ನಮ್ಮದರೊಳಗೆ ಏನಿದೆ ಎಂದು ನೋಡಲಿಲ್ಲ. ನಾಚಿಕೆಯಾಗುತ್ತದೆ.

ಈಗ ನಾನು ನಿನಗೆ ತೀರ್ಪು ಕಳಿಸಲಾರೆ, ಮೊಹರು ಕಳಿಸಲಾರೆ. ನಾನು ಇಲ್ಲಿ ಯಾರೂ ಅಲ್ಲ. ಮೈಕೆನ್ ಅಲ್ಲಿ ಯಾರೂ ಅಲ್ಲ. ಒಂದೇ ಒಲೆಯ ಮುಂದೆ ಬೆಳೆದ ಮೂವರಲ್ಲಿ ಸಹಿಗೆ ಬೆಲೆ ಇರುವವಳು ನೀನೊಬ್ಬಳೇ. ಬೈದು ಕೇಳುತ್ತಿಲ್ಲ, ಕೈ ಮುಗಿದು ಕೇಳುತ್ತಿದ್ದೇನೆ.

ಲಿಸ್ಬೆತ್


ಸುರಿನಾಮ್ ನದಿ
30 ಆಗಸ್ಟ್ 1675

ಅಕ್ಕಾ,

ನಿನ್ನ ಕಾಗದ ಏಪ್ರಿಲ್‌ನಲ್ಲೇ ಬಂತು. ಓದಿ ಮಡಿಸಿಟ್ಟೆ. ಏನೂ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಾತಿಗೆ ಕರಗಿದೆನೆಂದು ನೀನು ತಿಳಿಯಬಾರದು.

ಇಂಗ್ಲಿಷರನ್ನು ಜಮೈಕಾಗೆ ಕರೆದೊಯ್ಯುವ ಹಡಗುಗಳು ಈ ತಿಂಗಳು ಬಂದವು. ಮಿಸೆಸ್ ಗ್ರೇ ಹೇಳಿಹೋಗಲು ಬಂದಳು. ಜಗುಲಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತ ಕೇಳಿದಳು: “ಕೋಫಿ ಹೇಗೂ ನನ್ನ ಜೊತೆ ಬರ್ತಿದಾನೆ. ಮಗೂನೂ ಕೊಟ್ಬಿಡು ಫೆಮ್ಕೆ. ಅಪ್ಪನ ಹತ್ರ ಇರತ್ತೆ, ನಂಗೂ ಒಂದು ಜೊತೆ. ಬದ್ಲಿಗೆ ನನ್ನ ಗಾಣದ ಕುದುರೆ ಎರಡನ್ನೂ ಇಟ್ಕೋ.”

ನಿನ್ನ ಗಂಡ ತಂದ ಕುದುರೆಗಳು ಹೋದ ಬೇಸಿಗೆಯಲ್ಲೇ ಸತ್ತಿದ್ದವು. ಕಬ್ಬು ಹೊಲದಲ್ಲೇ ಒಣಗುತ್ತಿತ್ತು. ಅವಳಿಗೆ ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ.

“ನಾಳೆ ಹೇಳ್ತೀನಿ” ಅಂದೆ.

ಮೈಕೆನ್ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ದೊಡ್ಡಕ್ಕೋರೂ ಹಂಗೇ ಅಂತಿದ್ರು” ಅಂದಳು. ಸಿಟ್ಟಿನಿಂದಲ್ಲ. ಮಳೆ ಬರುವ ಹಾಗಿದೆ ಎನ್ನುವಂತೆ ಹೇಳಿ ತಟ್ಟೆ ಇಟ್ಟು ಒಳಗೆ ಹೋದಳು. ಮಿಸೆಸ್ ಗ್ರೇಗೆ ನಮ್ಮ ಭಾಷೆ ಅಷ್ಟು ಬಾರದು, ಏನಂದಳು ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ತಾಯಿಮಗು ಇಬ್ಬರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಪರಮಾರಿಬೊಗೆ ಹೋದೆ. ದಾರಿಯುದ್ದಕ್ಕೂ ಅತ್ತೆ. ಅವರಿಗಾಗಿ ಅಲ್ಲ ಅಕ್ಕಾ, ಗಾಣಕ್ಕಾಗಿ. ಮುಂದೆ ಏನು ಗತಿ ಎಂದು. ಮೈಕೆನ್ ಮಗುವಿಗೆ ನೀರುಹಕ್ಕಿ ತೋರಿಸುತ್ತ ಕೂತಿದ್ದಳು, ನನ್ನನ್ನು ಸಮಾಧಾನ ಮಾಡಲಿಲ್ಲ.

ಕಚೇರಿಯವನು ಹಳೆಯ ಮಾದರಿ ತೆಗೆದ. ಬೇಡ, ನಾನು ಹೇಳಿದಂತೆ ಬರೆಯಿರಿ ಎಂದೆ. ಮೈಕೆನ್, ಅವಳ ಮಗಳು ಕ್ರಿಸ್ಟೀನ, ಮುಂದೆ ಹುಟ್ಟುವವರು, ಅವರಿಗೆ ಹುಟ್ಟುವವರು.

“ಊರೆಲ್ಲ ಆಳಿಲ್ಲ ಅಂತ ಅಳ್ತಿರೋವಾಗ ನೀವು ಇರೋರನ್ನ ಬಿಡ್ತಿದೀರಲ್ಲಮ್ಮಾ, ತಲೆ ನೆಟ್ಟಗಿದೆಯಾ?” ಎಂದ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಸಹಿ ಹಾಕಿದೆ. ನನ್ನ ಮನೆಯಲ್ಲಿ ಇನ್ನೂ ಎಷ್ಟು ಜನರಿದ್ದಾರೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವರಿಗೆ ನಾನು ಬರೆಯಲಿಲ್ಲ. ಆದ್ದರಿಂದ ನನ್ನನ್ನು ಒಳ್ಳೆಯವಳೆಂದು ಬರೆಯಬೇಡ.

ಹೊರಗೆ ನದಿಯ ಮೆಟ್ಟಿಲ ಮೇಲೆ ನಿಂತೆವು. ಕೋಫಿ ಇದ್ದ ಹಡಗು ಇನ್ನೂ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದೆ.

“ಅದನ್ನ ಇನ್ನು ನಿಮಗೆ ಹೇಳ್ಬೇಕಾ?” ಎಂದಳು. ಕೊಂಕಿನಿಂದಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು.

“ಬೇಡ” ಅಂದೆ.

ನ್ಯೂಯಾರ್ಕಿನ ಮೇಲಿನ ಕೋಣೆಯ ಮಾತು ಹೇಳಿದೆ. ಸುಣ್ಣ ಹೊಡೆಸಿದ್ದನ್ನೂ ಹೇಳಿದೆ. ಕೇಳಿಸಿಕೊಂಡಳು.

“ಅಕ್ಕಂಗೆ ಕಾಗದ ಬರೀತೀನಿ. ಅವಳಿಗೆ ಏನಾದ್ರೂ ಹೇಳ್ಬೇಕಾ?”

ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿದಳು. ನಿಜವಾಗಿಯೂ ಯೋಚಿಸಿದಳು.

“ಏನೂ ಇಲ್ಲ” ಅಂದಳು.

ಫೆಮ್ಕೆ